ಬೇಡದ ಬೆಳಕಿಗೊಂದು ದಾರಿ

ಮಾವನ ಎಡಗಣ್ಣಿನ ಪೊರೆ ತೆಗೆಸಿ ಇಪ್ಪತ್ತು ದಿನವಾಗಿತ್ತು, ಬಲಗಣ್ಣಿನದು ಬಾಕಿ. ಭದ್ರಾವತಿಯಿಂದ ಬಂದು ಶಿವಮೊಗ್ಗದ ನಮ್ಮ ಮನೆಯಲ್ಲೇ ಉಳಿದಿದ್ದರು. ರಾತ್ರಿ ಊಟವಾದ ಮೇಲೆ ತಾರಸಿಯಲ್ಲಿ ಕುರ್ಚಿ ಹಾಕಿಕೊಂಡು, ಎದುರಿನ ಬೀದಿದೀಪವನ್ನು ಒಮ್ಮೆ ಒಂದು ಕಣ್ಣಲ್ಲಿ, ಒಮ್ಮೆ ಇನ್ನೊಂದು ಕಣ್ಣಲ್ಲಿ ನೋಡುತ್ತ ಕೂರುವುದು ಅವರಿಗೆ ಹೊಸ ಅಭ್ಯಾಸ.

— ಬಾರೇ ಇಲ್ಲಿ. ದೀಪ ಒಂದೇ ತಾನೆ? ಎಡಗಣ್ಣಲ್ಲಿ ನೋಡಿದ್ರೆ ಗುಂಡಗೆ, ಅಚ್ಚುಕಟ್ಟಾಗಿ ಕಾಣುತ್ತೆ. ಪಕ್ಕದ ತಂತಿನೂ ಕಾಣುತ್ತೆ. ಬಲಗಣ್ಣಲ್ಲಿ ನೋಡಿದ್ರೆ ಸುತ್ತ ಇಷ್ಟು ದೊಡ್ಡ ಪ್ರಭಾವಳಿ. ತಂತಿ ಎಲ್ಲಿದೆ ಅಂತಲೇ ಗೊತ್ತಾಗಲ್ಲ.

— ತಂತಿ ಅಲ್ಲೇ ಇದೆ ಮಾವ. ಅದರಿಂದ ಬರೋ ಬೆಳಕು ನಿಮ್ಮ ಬಲಗಣ್ಣಿಗೂ ಬರ್ತಾ ಇದೆ. ಆದ್ರೆ ದೀಪದ ಬೆಳಕು ಪೊರೆಗೆ ತಾಗಿ, ಚದುರಿ, ಅದರ ಮೇಲೆಲ್ಲ ಹರಡಿಕೊಂಡಿದೆ. ಈ ಚದುರಿದ ಬೆಳಕಿನ ಜೊತೆ ಗುದ್ದಾಡೋದೇ ನನ್ನ ಕೆಲಸ.

— ನೀನು ನಕ್ಷತ್ರ ನೋಡೋ ಕೆಲಸದಲ್ಲಿದ್ದೀಯ ಅಂತ ನಿಮ್ಮಮ್ಮ ಎಲ್ಲರ ಹತ್ರಾನೂ ಹೇಳ್ತಾಳೆ.

— ನಕ್ಷತ್ರ ಕಾಣದ ಹಾಗೆ ಮಾಡೋ ಕೆಲಸ ಮಾವ. ಅದರ ಪಕ್ಕದಲ್ಲಿ ಸುತ್ತೋ ಗ್ರಹ ಕಾಣ್ಬೇಕು ಅಂದ್ರೆ ಮೊದಲು ನಕ್ಷತ್ರದ ಬೆಳಕು ಹೋಗ್ಬೇಕು. ಅದನ್ನ ತೆಗೆಯೋ ಉಪಕರಣಕ್ಕೆ ಕರೋನಾಗ್ರಾಫ್ ಅಂತಾರೆ.

— ಕರೋನಾನ? ಆ ಕಾಯಿಲೆ ಹೆಸರು?

— ಆ ಹೆಸರು ಕಾಯಿಲೆಗಿಂತ ಎಷ್ಟೋ ಹಳೇದು. ಕರೋನಾ ಅಂದ್ರೆ ಕಿರೀಟ. ಪೂರ್ಣ ಗ್ರಹಣದ ಹೊತ್ತಲ್ಲಿ ಸೂರ್ಯನ ಸುತ್ತ ಬೆಳ್ಳಗೆ ಕಾಣುತ್ತಲ್ಲ, ಆ ಪ್ರಭಾವಳಿ. ನಿಮ್ಮ ಕಣ್ಣಲ್ಲಿರೋ ಪ್ರಭಾವಳಿ ಸುಳ್ಳು, ಸೂರ್ಯನದು ನಿಜ. ಸುಳ್ಳನ್ನ ತೆಗೆದು ನಿಜವನ್ನ ಉಳಿಸಿಕೊಳ್ಳೋದಕ್ಕೆ ಮಾಡಿದ ಉಪಕರಣ ಅದು.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಇವತ್ತಿಗೂ ಅವರು ಯಾವುದನ್ನೂ ಒಂದೇ ಸಲಕ್ಕೆ ಒಪ್ಪುವವರಲ್ಲ. ಕಾರ್ಖಾನೆಯ ಫರ್ನೇಸಿನ ಮುಂದೆ ನಿಂತು ಕಳೆದ ವರ್ಷಗಳು ಕಲಿಸಿದ ಗುಣ ಅದು ಎಂದು ನನಗನ್ನಿಸುತ್ತದೆ.

— 1980ರಲ್ಲಿ ಒಂದು ಗ್ರಹಣ ಆಯ್ತು. ಫೆಬ್ರವರಿ 16. ಆಗ ನಂಗೆ ಇಪ್ಪತ್ತಮೂರು. ಭದ್ರಾವತಿ ಬೀದೀಲಿ ಒಂದು ನರಪಿಳ್ಳೆ ಇಲ್ಲ. ಪೂರ್ತಿ ಗ್ರಹಣ ನಮ್ಮ ಕಡೆ ಇರಲಿಲ್ಲ, ಮೇಲಿನ ಜಿಲ್ಲೆಗಳಲ್ಲಿತ್ತು.

— ಹೌದು, ಅಂಕೋಲಾದಿಂದ ರಾಯಚೂರಿನವರೆಗೆ ಒಂದು ಪಟ್ಟೆ. ರಾಯಚೂರಿನ ಕಡೆ ಜವಳಗೇರಾದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಶಿಬಿರ ಹಾಕಿದ್ದರು. ತಿಂಗಳುಗಟ್ಟಲೆ ತಯಾರಿ, ಸಿಕ್ಕಿದ ಕತ್ತಲೆ ಮೂರು ನಿಮಿಷಕ್ಕೂ ಕಡಿಮೆ.

— ನಾನು ಫರ್ನೇಸಿನ ನೀಲಿ ಗಾಜು ಜೇಬಲ್ಲಿಟ್ಟುಕೊಂಡು ಹೊರಗೆ ಬಂದಿದ್ದೆ, ಅದರಲ್ಲೇ ನೋಡೋಣ ಅಂತ. ನಮ್ಮ ಫೋರ್‌ಮನ್ ಕೈ ಹಿಡಿದು ಎಳೆದರು. ‘ಅದು ಬೆಂಕಿಗೆ ಮಾಡಿದ ಗಾಜು ಕಣೋ, ಸೂರ್ಯನಿಗಲ್ಲ, ಕಣ್ಣು ಹೋಗುತ್ತೆ’ ಅಂತ ಬೈದರು.

— ಪುಣ್ಯಾತ್ಮರು. ಅವರು ಹೇಳಿದ್ದು ಸರಿ.

— ಆದ್ರೆ ನಂಗೊಂದು ಅರ್ಥ ಆಗ್ತಿಲ್ಲ. ಬೆಳಕು ಜಾಸ್ತಿ ಆದ್ರೆ ಕಪ್ಪು ಗಾಜು ಹಾಕಿದ್ರಾಯ್ತಲ್ಲ? ಫರ್ನೇಸಿನ ಇಣುಕುಕಿಂಡೀಲಿ ನಾವು ಅದನ್ನೇ ಮಾಡ್ತಿದ್ವಿ. ನಿಮ್ಮ ನಕ್ಷತ್ರಕ್ಕೂ ಒಂದು ಗಾಜು ಹಿಡೀರಿ.

— ಗಾಜು ಹಿಡಿದ್ರೆ ನಕ್ಷತ್ರ ಎಷ್ಟು ಮಂಕಾಗುತ್ತೋ ಗ್ರಹನೂ ಅಷ್ಟೇ ಮಂಕಾಗುತ್ತೆ. ಅವೆರಡರ ನಡುವಿನ ಲೆಕ್ಕ ಹಾಗೇ ಉಳಿಯುತ್ತೆ. ಆ ಲೆಕ್ಕ ಕೇಳಿ: ದೂರದಿಂದ ಯಾರಾದ್ರೂ ನಮ್ಮ ಸೂರ್ಯನ್ನ, ಭೂಮೀನ ನೋಡಿದ್ರೆ, ಸೂರ್ಯನ ಬೆಳಕಿನಲ್ಲಿ ಸಾವಿರ ಕೋಟಿ ಪಾಲು ಮಾಡಿ ಒಂದು ಪಾಲು ತೆಗೆದಷ್ಟೇ ಭೂಮಿಯ ಬೆಳಕು. ಗುರುಗ್ರಹದ್ದು ನೂರು ಕೋಟಿಗೆ ಒಂದು ಪಾಲು.

— ಸಾವಿರ ಕೋಟಿಗೆ ಒಂದು!

— ಅದೂ ಎಷ್ಟು ಪಕ್ಕದಲ್ಲಿ ಅಂತೀರಿ? ಇಲ್ಲಿಂದ ಭದ್ರಾವತಿಗೆ ನೇರ ಗೆರೆ ಎಳೆದ್ರೆ ಸುಮಾರು 17 ಕಿಲೋಮೀಟರ್. ನಿಮ್ಮ ಕಾರ್ಖಾನೆ ಗೇಟಿನ ದೀಪದ ಪಕ್ಕ ಒಂದು ಕಡಲೆಕಾಳು ಅಂಟಿಸಿ. ಸುಮಾರು 8 ಮಿಲಿಮೀಟರ್ ಆಯ್ತಾ? ದೀಪದ ನಡುಬಿಂದುವಿನಿಂದ ಆ ಕಡಲೆಕಾಳಿನಗಲ ಆಚೆ ಇರೋ ಒಂದು ಚುಕ್ಕೀನ ಈ ತಾರಸಿಯಿಂದ ಬೇರೆಯಾಗಿ ಗುರುತಿಸ್ಬೇಕು. 32 ಜ್ಯೋತಿರ್ವರ್ಷ ದೂರದ ಒಂದು ಸೂರ್ಯನ ಪಕ್ಕ ನಮ್ಮಂಥ ಭೂಮಿ ಇದ್ರೆ ಅದು ಕಾಣೋ ಅಂತರ ಅಷ್ಟೇ.

ಮಾವ ತಲೆ ತಿರುಗಿಸಿ ಭದ್ರಾವತಿಯ ದಿಕ್ಕಿಗೆ ನೋಡಿದರು. ಮನೆಗಳು, ತೆಂಗಿನಮರಗಳು, ಅವುಗಳ ಮೇಲೆ ಊರಿನ ಬೆಳಕು ಮೆತ್ತಿದ ಮಬ್ಬು ಆಕಾಶ.

— ಹಾಗಾದ್ರೆ ಆ ಬೆಳಕನ್ನ ತಡೆಯೋದು ಹೇಗೆ? ಅಡ್ಡ ಏನೋ ಇಡ್ತೀರ?

— ಇಡ್ತೀವಿ. ಆದ್ರೆ ತಡೆದ ಬೆಳಕು ಎಲ್ಲಿಗೆ ಹೋಗುತ್ತೆ ಅನ್ನೋದೇ ನಿಜವಾದ ಪ್ರಶ್ನೆ. ತಡೆದದ್ದು ಒಳಗೇ ಪುಟಿದಾಡಿದ್ರೆ ಗೋಡೆಗೆ ತಾಗಿ, ಕನ್ನಡಿಗೆ ತಾಗಿ, ಕೊನೆಗೆ ಕ್ಯಾಮೆರಾಗೇ ಬಂದು ಬೀಳುತ್ತೆ. ಮಾವ, ನಿಮ್ಮ ಫರ್ನೇಸಲ್ಲಿ ಸ್ಲ್ಯಾಗ್ ಹೇಗೆ ತೆಗೀತಿದ್ರಿ?

— ಸ್ಲ್ಯಾಗ? ಅದಕ್ಕೂ ಇದಕ್ಕೂ ಏನು ಸಂಬಂಧ? ಕಬ್ಬಿಣ ಭಾರ, ಕೆಳಗೆ ನಿಲ್ಲುತ್ತೆ. ಸ್ಲ್ಯಾಗ್ ಹಗುರ, ಅದರ ಮೇಲೆ ತೇಲುತ್ತೆ. ಹಾಗಾಗಿ ಅದಕ್ಕೆ ಸ್ವಲ್ಪ ಎತ್ತರದಲ್ಲಿ ಬೇರೆ ಬಾಯಿ. ಹೊತ್ತು ನೋಡಿ ಆ ಬಾಯಿ ತೆಗೆದ್ರೆ ಅದರ ಪಾಡಿಗೆ ಅದು ಕಾಲುವೇಲಿ ಹರ್ಕೊಂಡು ಹೋಗುತ್ತೆ. ಒಳಗೇ ಬಿಟ್ಟರೆ ಕಬ್ಬಿಣನೂ ಕೆಡುತ್ತೆ, ಫರ್ನೇಸೂ ಕೆಡುತ್ತೆ.

— ಆದಿತ್ಯ-ಎಲ್1ರಲ್ಲಿರೋ ಕರೋನಾಗ್ರಾಫಿನಲ್ಲಿ ಮಾಡಿರೋದೂ ಅದನ್ನೇ!

— ಸೂರ್ಯನ್ನ ನೋಡೋಕೆ ಬಿಟ್ರಲ್ಲ, ಆ ಉಪಗ್ರಹ?

— ಅದೇ. 2023ರ ಸೆಪ್ಟೆಂಬರ್ 2ಕ್ಕೆ ಹಾರಿತು, 2024ರ ಜನವರಿ 6ಕ್ಕೆ ತನ್ನ ಜಾಗ ಸೇರಿತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಸೂರ್ಯನ ಕಡೆಗೆ. ಅಲ್ಲಿ ರಾತ್ರಿ ಇಲ್ಲ, ಗ್ರಹಣ ಇಲ್ಲ, ಸೂರ್ಯ ಸದಾ ಎದುರಿಗೆ. ಅದರ ಮುಖ್ಯ ಉಪಕರಣ ವಿಇಎಲ್‌ಸಿ ಅನ್ನೋ ಕರೋನಾಗ್ರಾಫ್. ತಯಾರಾಗಿದ್ದು ನಮ್ಮ ಹೊಸಕೋಟೆಯಲ್ಲಿ, ಖಭೌತ ಸಂಸ್ಥೆಯ ಆವರಣದಲ್ಲಿ. ಇಸ್ರೋಗೆ ಒಪ್ಪಿಸಿದ್ದು 2023ರ ಜನವರಿ 26ಕ್ಕೆ. ಮೊದಲ ಯೋಚನೆ ಶುರುವಾಗಿದ್ದು 2008ರಲ್ಲಿ. ಆಗ ಭೂಮಿಯನ್ನೇ ಸುತ್ತೋ ಒಂದು ಸಣ್ಣ ಉಪಗ್ರಹ, ಅದರಲ್ಲಿ ಇದೊಂದೇ ಉಪಕರಣ ಅಂತಿತ್ತು.

— ಹದಿನೈದು ವರ್ಷ ಹಿಡೀತು ಅನ್ನು. ಸ್ಲ್ಯಾಗ್ ವಿಷಯ ಹೇಳು.

— ಮೊದಲ ಕನ್ನಡಿ ಸೂರ್ಯನ ಬಿಂಬವನ್ನ ಎರಡನೇ ಕನ್ನಡಿ ಮೇಲೆ ಬೀಳಿಸುತ್ತೆ. ಎರಡನೇ ಕನ್ನಡಿಯ ಸರಿಯಾಗಿ ನಡುವೆ ಒಂದು ತೂತು. ಸೂರ್ಯನ ಉರಿಯೋ ಬಿಂಬ ಇದೆಯಲ್ಲ, ಅದು ಪೂರ್ತಿಯಾಗಿ ಆ ತೂತಿನಲ್ಲಿ ಹಾದು ಹಿಂದಕ್ಕೆ ಹೋಗುತ್ತೆ. ಹಿಂದೆ ಮೂರನೇ ಕನ್ನಡಿ ಕಾದು ನಿಂತು ಅದನ್ನ ಉಪಕರಣದಿಂದ ಆಚೆಗೆ ಅಟ್ಟುತ್ತೆ. ಅಂಚಿನ ಪ್ರಭಾವಳಿ ಮಾತ್ರ ಎರಡನೇ ಕನ್ನಡಿಗೆ ತಾಗಿ ಮುಂದಿನ ದಾರಿ ಹಿಡಿಯುತ್ತೆ.

— ಓಹೋ! ಸ್ಲ್ಯಾಗಿನ ಬಾಯಿ!

ಮಾವ ಕುರ್ಚಿಯಿಂದ ಮುಂದಕ್ಕೆ ಬಾಗಿದ್ದರು. 1923ರಲ್ಲಿ ಮೊದಲ ಕುಲುಮೆ ಹೊತ್ತಿಕೊಂಡ ಊರಿನವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಲಿಲ್ಲ. ನಾನು ತರಗತಿಗಳಲ್ಲಿ ಚಿತ್ರ ಬರೆದು ತೋರಿಸಿದಾಗಲೂ ಇಷ್ಟು ಬೇಗ ಯಾರ ಮುಖವೂ ಅರಳಿದ್ದು ಕಂಡಿಲ್ಲ.

— ಬರೀ ಅಡ್ಡ ಇಟ್ಟು ನಿಲ್ಲಿಸಿದ್ರೆ ಆ ಸೂರ್ಯನ ಶಾಖ ಎಲ್ಲಾ ಆ ಅಡ್ಡದ ಮೇಲೇ. ಅದು ಕಾದು ಸೊಟ್ಟಗಾಗುತ್ತೆ.

— ಅಷ್ಟೇ ಅಲ್ಲ, ಸುತ್ತಲಿನದನ್ನೂ ಕಾಯಿಸುತ್ತೆ. ದಾರಿ ಮಾಡಿಕೊಟ್ಟಿದ್ದರಿಂದಲೇ ಸೂರ್ಯನ ಅಂಚಿಗೆ ಅಂಟಿಕೊಂಡ ಹಾಗೆ ನೋಡೋದು ಸಾಧ್ಯ. ಬಿಂಬದ ನಡುವಿಂದ ಲೆಕ್ಕ ಹಾಕಿದ್ರೆ ಸೂರ್ಯನ ತ್ರಿಜ್ಯದ 1.05 ಪಟ್ಟು ದೂರದಿಂದಲೇ ಶುರು. ಆದರೂ ಒಂದು ಅಪಾಯ ಉಳಿಯುತ್ತೆ. ಮೊದಲ ಕನ್ನಡಿಗೆ ಮಾತ್ರ ಸೂರ್ಯನ ಪೂರ್ತಿ ಬೆಳಕು ಬಿದ್ದೇ ಬೀಳುತ್ತೆ. ಅದರ ಮೇಲೆ ಒಂದು ಧೂಳಿನ ಕಣ ಇದ್ರೂ ನಿಮ್ಮ ಬಲಗಣ್ಣಿನ ಪೊರೆ ಥರ ಬೆಳಕು ಚದುರಿಸುತ್ತೆ. ಹಾಗಾಗಿ ಅದರ ಮೈ ನಯಗೊಳಿಸೋದೇ ಒಂದು ತಪಸ್ಸು. ಉಬ್ಬುತಗ್ಗು ಒಂದು ನ್ಯಾನೋಮೀಟರಿಗಿಂತ ಕಡಿಮೆ ಇರ್ಬೇಕು.

— ಸೂರ್ಯನಿಗೆ ಆಯ್ತು. ನಕ್ಷತ್ರಕ್ಕೂ ಇದನ್ನೇ ತಿರುಗಿಸಿ ಹಿಡಿದ್ರೆ?

— ಅಲ್ಲೇ ಕಷ್ಟ. ಸೂರ್ಯನ ಅಂಚಿನ ಪ್ರಭಾವಳಿ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಾಲು ಮಂಕು. ಭೂಮಿಯಂಥ ಗ್ರಹಕ್ಕೆ ಅದರ ಮೇಲೆ ಇನ್ನೂ ಹತ್ತು ಸಾವಿರ ಪಾಲು ಇಳೀಬೇಕು. ಮತ್ತೆ ನಕ್ಷತ್ರ ಅಂದ್ರೆ ಬಿಂಬ ಅಲ್ಲ, ಚುಕ್ಕಿ. ಆ ಚುಕ್ಕಿಯ ಬೆಳಕು ದೂರದರ್ಶಕದ ಬಾಯಂಚಿಗೆ ತಾಗಿ ಬಗ್ಗುತ್ತೆ. ತುಂಗಾ ಸೇತುವೆ ಕಂಬಕ್ಕೆ ನೀರು ತಾಗಿ ಎರಡೂ ಕಡೆ ಅಲೆ ಏಳುತ್ತಲ್ಲ, ಹಾಗೆ. ನಡುವೆ ಪುಟ್ಟ ತಟ್ಟೆ ಇಟ್ಟು ಚುಕ್ಕಿ ಮುಚ್ಚಿದ್ರೂ ಆ ಅಲೆಗಳ ಬೆಳಕು ಸುತ್ತ ಉಳಿದಿರುತ್ತೆ. 1930ರ ಆಸುಪಾಸಿನಲ್ಲಿ ಫ್ರಾನ್ಸಿನ ಬರ್ನಾರ್ ಲಿಯೊ ಅನ್ನೋರು ಇದಕ್ಕೊಂದು ಉಪಾಯ ಕಂಡುಹಿಡಿದರು. ಅಜ್ಜಿ ಅಕ್ಕಿ ಕೇರ್ತಿದ್ದದ್ದು ನೆನಪಿದೆಯಾ?

— ಮೊರದಲ್ಲಿ? ನೆನಪಿಲ್ಲದೆ ಏನು.

— ಒಂದೊಂದೇ ಹೊಟ್ಟು ಹೆಕ್ಕುತ್ತ ಕೂತಿದ್ರಾ?

— ಇಲ್ಲ, ಕೇರಿದ್ರೆ ಹೊಟ್ಟೆಲ್ಲ ತಾನೇ ಮೊರದ ಅಂಚಿಗೆ ಬರುತ್ತೆ. ಅಂಚಿನದನ್ನ ಆಚೆ ಹಾರಿಸಿಬಿಡೋದು.

— ಲಿಯೊ ಮಾಡಿದ್ದೂ ಬೆಳಕು ಕೇರೋ ಕೆಲಸ. ತಟ್ಟೆ ಇಟ್ಟ ಮೇಲೆ ಅದರ ಹಿಂದೆ ಒಂದು ಮಸೂರ ಇಟ್ಟು, ದೂರದರ್ಶಕದ ಬಾಯಿಯ ಬಿಂಬವನ್ನೇ ಮತ್ತೊಮ್ಮೆ ಮೂಡಿಸಿದರು. ಆ ಬಿಂಬದಲ್ಲಿ ನಕ್ಷತ್ರದ ಉಳಿದ ಬೆಳಕೆಲ್ಲ ಅಂಚಿಗೆ ಬಂದು ಬಳೆ ಥರ ನಿಲ್ಲುತ್ತೆ. ಗ್ರಹದ ಬೆಳಕು ಒಂಚೂರು ಓರೆಯಾಗಿ ಬಂದಿರುತ್ತಲ್ಲ, ಅದು ತಟ್ಟೆಗೆ ಸಿಗದೆ ಪೂರ್ತಿ ಬಿಂಬದ ತುಂಬ ಸಮನಾಗಿ ಹರಡಿರುತ್ತೆ. ಅಂಚು ಮುಚ್ಚೋ ಒಂದು ಬಿಲ್ಲೆ ಇಟ್ಟರೆ ಹೊಟ್ಟು ಹೋಯ್ತು, ಅಕ್ಕಿ ಉಳೀತು. ಇವತ್ತಿಗೂ ಆ ಬಿಲ್ಲೆಗೆ ಅವರದೇ ಹೆಸರು. ಅವರು ಮಾಡಿದ್ದು ಸೂರ್ಯನಿಗೆ. 1984ರಲ್ಲಿ ಅದೇ ಉಪಾಯದಿಂದ ಬೀಟಾ ಪಿಕ್ಟೋರಿಸ್ ಅನ್ನೋ ನಕ್ಷತ್ರ ಮುಚ್ಚಿ ನೋಡಿದಾಗ, ಅದರ ಸುತ್ತ ಧೂಳಿನ ತಟ್ಟೆಯೊಂದು ಕಾಣಿಸಿತು. ಗ್ರಹಗಳು ಹುಟ್ಟೋ ಅಂಥ ಧೂಳು.

— ಗ್ರಹ ಕಾಣಿಸ್ಲಿಲ್ವಾ?

— ಅದಕ್ಕೆ ಇನ್ನೂ ಕಾಯಬೇಕಾಯ್ತು. 2008ರಲ್ಲಿ ಎಚ್ಆರ್ 8799 ಅನ್ನೋ ನಕ್ಷತ್ರದ ಸುತ್ತ ಮೂರು, ಆಮೇಲೆ 2010ರಲ್ಲಿ ನಾಲ್ಕನೇದು. ಜೇಮ್ಸ್ ವೆಬ್ ದೂರದರ್ಶಕವೂ ಈಗ ತೆಗೀತಾ ಇದೆ. ಆದ್ರೆ ಹೀಗೆ ಚಿತ್ರ ಸಿಕ್ಕಿದ್ದು ಹೆಚ್ಚಾಗಿ ಭಾರಿ ಗ್ರಹಗಳದ್ದು. ಬಹಳಷ್ಟು ಎಳೇವು, ಹುಟ್ಟಿದಾಗಿನ ಶಾಖ ಆರದವು, ತಮ್ಮ ನಕ್ಷತ್ರದಿಂದ ದೂರ ಇರೋವು. ನಮ್ಮ ಭೂಮಿ ಥರದ್ದರ ಒಂದು ಚಿತ್ರವೂ ಇನ್ನೂ ಯಾರ ಹತ್ತಿರವೂ ಇಲ್ಲ.

— ಯಾಕೆ? ಉಪಾಯ ಸಿಕ್ಕಿದೆ, ಆಕಾಶದಲ್ಲಿ ಗಾಳಿಯ ಕಾಟನೂ ಇಲ್ಲ.

— ಕನ್ನಡಿಯ ಕಾಟ ಇದೆ. ಕನ್ನಡಿ ಮೈಮೇಲೆ ಅಲೆಯಲೆಯಾಗಿ ಒಂದು ಉಬ್ಬುತಗ್ಗು ಇದ್ರೆ ಅದು ನಕ್ಷತ್ರದ ಬೆಳಕನ್ನ ಪಕ್ಕಕ್ಕೆ ಎಸೆದು, ಥೇಟ್ ಗ್ರಹದ ಹಾಗೇ ಇರೋ ಒಂದು ಸುಳ್ಳು ಚುಕ್ಕಿ ಮೂಡಿಸುತ್ತೆ. ಭೂಮಿಯಷ್ಟು ಮಂಕಾದ ಸುಳ್ಳು ಚುಕ್ಕಿ ಮೂಡೋಕೆ ಆ ಅಲೆಯ ಎತ್ತರ ಎಷ್ಟಿದ್ರೆ ಸಾಕು ಗೊತ್ತಾ? ಒಂದು ಪರಮಾಣುವಿನ ಅಗಲದ ನೂರನೇ ಒಂದು ಪಾಲು.

— ಪರಮಾಣುವಿಗಿಂತ ನಯವಾಗಿ ಯಾರು ಉಜ್ಜುತ್ತಾರೆ ಮಾರಾಯ್ತಿ?

— ಯಾರಿಂದಲೂ ಆಗಲ್ಲ. ಹಾಗಾಗಿ ಉಜ್ಜಿ ಮುಗಿದ ಮೇಲೆ ತಿದ್ದೋದು. ನಾಸಾದವರ ನ್ಯಾನ್ಸಿ ಗ್ರೇಸ್ ರೋಮನ್ ದೂರದರ್ಶಕದ ಕರೋನಾಗ್ರಾಫಿನಲ್ಲಿ ಬಾಗೋ ಕನ್ನಡಿ ಎರಡಿವೆ. ಒಂದೊಂದರ ಹಿಂದೆಯೂ 48 ಸಾಲು, ಸಾಲಿಗೆ 48ರಂತೆ 2304 ಪುಟ್ಟ ಜಾಕ್. ಕ್ಯಾಮೆರಾದಲ್ಲಿ ಸುಳ್ಳು ಚುಕ್ಕಿಗಳನ್ನ ನೋಡೋದು, ಜಾಕ್‌ಗಳನ್ನ ಕೂದಲೆಳೆಗಿಂತ ಎಷ್ಟೋ ಕಡಿಮೆ ಒತ್ತೋದು, ಮತ್ತೆ ನೋಡೋದು. ಅಲೆಗೆ ಎದುರು ಅಲೆ ಕೊಟ್ಟು ಅಳಿಸೋದು. ಹೀಗೆ ಮಾಡ್ತಾ ಮಾಡ್ತಾ ನಕ್ಷತ್ರದ ಪಕ್ಕದಲ್ಲಿ ಕತ್ತಲಿನ ಒಂದು ಕುಳಿ ತೋಡ್ತಾರೆ.

— ರೋಲಿಂಗ್ ಮಿಲ್ಲಲ್ಲಿ ಸರಳು ನೆಟ್ಟಗೆ ಮಾಡ್ತಿದ್ದದ್ದೂ ಹಾಗೇ. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡೋದು, ಎಲ್ಲಿ ಬಾಗಿದೆಯೋ ಅಲ್ಲಿ ಒತ್ತೋದು, ಮತ್ತೆ ನೋಡೋದು. ಒಂದೇ ಒತ್ತಿಗೆ ನೆಟ್ಟಗಾದ ಸರಳನ್ನ ನಾನು ಕಂಡಿಲ್ಲ.

— ಕನ್ನಡಿಯೂ ಆಗಲ್ಲ ಮಾವ. ನಮ್ಮ ಪ್ರಯೋಗಾಲಯದಲ್ಲಿ ಹೋದ ವರ್ಷ ಒಂದು ನಕಲಿ ನಕ್ಷತ್ರ ಇಟ್ಟು ಪರೀಕ್ಷೆ ಮಾಡ್ತಿದ್ವಿ. ಮೇಜಿನ ಒಂದು ತುದೀಲಿ ಲೇಸರ್, ಇನ್ನೊಂದು ತುದೀಲಿ ಕ್ಯಾಮೆರಾ. ಒಂದು ದಿನ ಕತ್ತಲಿನ ನಡುವೆ ಚಂದದ ಒಂದು ಚುಕ್ಕಿ. ಗ್ರಹ ಅಂತ ನಾವು ಏನನ್ನೂ ಇಟ್ಟಿರಲಿಲ್ಲ. ಹನ್ನೊಂದು ದಿನ ಹುಡುಕಿದ್ವಿ. ಕೊನೆಗೆ ಕನ್ನಡೀನ ಅದರ ಚೌಕಟ್ಟಿನಲ್ಲೇ ಮೂವತ್ತು ಡಿಗ್ರಿ ತಿರುಗಿಸಿ ನೋಡಿದ್ರೆ ಚುಕ್ಕಿನೂ ಮೂವತ್ತು ಡಿಗ್ರಿ ತಿರುಗಿ ಕೂತಿತ್ತು. ಕನ್ನಡಿ ಮೇಲೆ ಒರೆಸೋ ಬಟ್ಟೆಯ ಒಂದೇ ಒಂದು ಎಳೆ. ಭೂತಗನ್ನಡಿ ಇಲ್ಲದೆ ಕಾಣದಷ್ಟು ಸಣ್ಣದು. ಅವತ್ತು ರಾತ್ರಿ ನಂಗೆ ಅಳು ಬಂದಿತ್ತು, ಆದ್ರೆ ಆ ಹನ್ನೊಂದು ದಿನ ಕಲಿಸಿದ್ದನ್ನ ಯಾವ ಪುಸ್ತಕವೂ ಕಲಿಸಿರಲಿಲ್ಲ.

— ಆಕಾಶದಲ್ಲಿ ಕನ್ನಡಿ ತಿರುಗಿಸೋರು ಯಾರು?

— ಇಡೀ ದೂರದರ್ಶಕವನ್ನೇ ಒಂದು ಕಡೆಗೆ ವಾಲಿಸ್ತಾರೆ. ನೀವೀಗ ಬಲಗಣ್ಣಲ್ಲಿ ದೀಪ ನೋಡ್ತಾ ತಲೆ ವಾಲಿಸಿ. ದೀಪದಿಂದ ಚಿಮ್ಮಿದ ಗೆರೆಗಳು?

ಮಾವ ತಲೆಯನ್ನು ಎಡಭುಜಕ್ಕೆ ವಾಲಿಸಿದರು, ಆಮೇಲೆ ಬಲಭುಜಕ್ಕೆ.

— ನನ್ನ ಜೊತೆಗೇ ತಿರುಗ್ತಾವೆ!

— ಕಂಬ?

— ಕಂಬ ನಿಂತಲ್ಲೇ ನಿಂತಿದೆ.

— ತಲೆ ಜೊತೆ ತಿರುಗಿದ್ದು ಕಣ್ಣಿನದು, ನಿಂತಲ್ಲೇ ನಿಂತಿದ್ದು ಬೀದಿಯದು. ಆಕಾಶದಲ್ಲೂ ಹಾಗೇ ಸೋಸ್ತಾರೆ. ಎರಡು ಚಿತ್ರ ತೆಗೆದು ಒಂದರಿಂದ ಒಂದನ್ನ ಕಳೀತಾರೆ.

— ಇಷ್ಟೆಲ್ಲ ಮಾಡಿ ಕೊನೆಗೆ ಸಿಗೋದು ಒಂದು ಚುಕ್ಕಿ ತಾನೆ? ನದಿ ಕಾಣುತ್ತಾ, ಕಾಡು ಕಾಣುತ್ತಾ?

— ಕಾಣಲ್ಲ. ಚುಕ್ಕಿನೇ. ಫರ್ನೇಸಿನ ಕಿಂಡೀಲಿ ನೀವು ಏನು ನೋಡಿ ಒಳಗಿನ ಹದ ಹೇಳ್ತಿದ್ರಿ?

— ಬಣ್ಣ. ಕೆಂಪು ಇದ್ರೆ ಒಂದು, ಹಳದಿ ತಿರುಗಿದ್ರೆ ಒಂದು, ಬಿಳುಪಾದ್ರೆ ಒಂದು.

— ಚುಕ್ಕಿಯ ಬಣ್ಣ ಬಿಡಿಸಿದ್ರೆ ಅಲ್ಲಿನ ಗಾಳಿ ಗೊತ್ತಾಗುತ್ತೆ. ನೀರಾವಿ ನುಂಗೋ ಬಣ್ಣ ಬೇರೆ, ಆಮ್ಲಜನಕ ನುಂಗೋ ಬಣ್ಣ ಬೇರೆ. ರೋಮನ್ ಅಲ್ಲೀತನಕ ಹೋಗಲ್ಲ. ಅದರ ಕರೋನಾಗ್ರಾಫ್ ದಾರಿ ಸವೆಸಿ ತೋರಿಸೋದಕ್ಕೆ. ಅದರ ನಂತರ ಸುಮಾರು 6 ಮೀಟರ್ ಕನ್ನಡಿಯ ಇನ್ನೊಂದು ಬೇಕು ಅಂತ ಅಮೆರಿಕದ ವಿಜ್ಞಾನಿಗಳು 2021ರಲ್ಲಿ ಹೇಳಿದ್ದಾರೆ. ಜೀವ ಇರಬಹುದಾದ 25 ಗ್ರಹಗಳ ಗಾಳಿ ನೋಡೋ ಗುರಿ. ಆ ಕೆಲಸದಲ್ಲಿ ನಮ್ಮವರ ಕೈಯೂ ಇರಬೇಕು ಅಂತ ನನ್ನ ಆಸೆ. ಸೂರ್ಯನಿಗೆ ತೂತಿನ ಕನ್ನಡಿ ಮಾಡಿದ ಕೈಗಳು ಹೊಸಕೋಟೆಯಲ್ಲಿವೆ. ಆ ಕೈಗಳಿಗೆ ವಯಸ್ಸಾಗೋ ಮೊದಲು ಮುಂದಿನವರಿಗೆ ಕಲಿಸ್ಬೇಕು. ಶಂಕರಘಟ್ಟದಲ್ಲಿ ನನ್ನ ಜೊತೆ ಎಂ.ಎಸ್ಸಿ ಮಾಡಿದ ಎಷ್ಟು ಹುಡುಗಿಯರು ಬೆಳಕಿನ ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದರು!

— ನಿನ್ನ ಹಿಂದೆ ಕೆಲಸ ಕಲಿಯೋಕೆ ಯಾರಾದ್ರೂ ಇದ್ದಾರಾ?

— ಇಬ್ಬರು ಇದ್ದಾರೆ.

— ಹೇಳ್ಕೊಡು. ಬೈಬೇಡ. ಕೈ ಹಿಡಿದು ಎಳೆಯೋ ಹೊತ್ತಲ್ಲಿ ಮಾತ್ರ ಎಳೆ.

ಕೆಳಗಿನ ಬೀದಿಯಲ್ಲಿ ಒಂದು ಆಟೋ ಹೋಯಿತು. ಮಾವ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮತ್ತೆ ಬಲಗಣ್ಣಿನ ಪರೀಕ್ಷೆಗೆ ಕೂತರು.

— ಮಾವ, ಇನ್ನೊಂದು ಕೈ ಚಾಚಿ, ಹೆಬ್ಬೆರಳಿಂದ ದೀಪ ಮುಚ್ಚಿ. ದೀಪ ಮಾತ್ರ.

— ಮುಚ್ಚಿದೆ... ಅರೆ! ಪ್ರಭಾವಳಿ ಹೋಯ್ತು.

— ಬೆಳಕು ಕಣ್ಣಿನೊಳಗೆ ಬಂದರೆ ತಾನೆ ಪೊರೆ ಅದನ್ನ ಚದುರಿಸೋದು. ಹೊರಗೇ ತಡೆದುಬಿಟ್ರಿ. 2024ರ ಡಿಸೆಂಬರ್ 5ಕ್ಕೆ ನಮ್ಮ ಪಿಎಸ್ಎಲ್‌ವಿ ಶ್ರೀಹರಿಕೋಟದಿಂದ ಯುರೋಪಿನವರ ಪ್ರೋಬಾ-3 ಹಾರಿಸ್ತಲ್ಲ, ಅದರಲ್ಲಿ ಹೆಬ್ಬೆರಳೇ ಒಂದು ಉಪಗ್ರಹ, ಕಣ್ಣೇ ಇನ್ನೊಂದು. ನಡುವೆ ಸುಮಾರು 150 ಮೀಟರ್. ಮಿಲಿಮೀಟರ್ ಲೆಕ್ಕದಲ್ಲಿ ಜಾಗ ಹಿಡಿದುಕೊಂಡು ಎರಡೂ ಜೊತೆಗೆ ಹಾರ್ತಾವೆ. ನಕ್ಷತ್ರಕ್ಕೆ ಹಾಗೆ ಮಾಡಬೇಕಾದ್ರೆ ಹತ್ತಾರು ಮೀಟರ್ ಅಗಲದ, ಹೂವಿನ ದಳದಂಥ ಅಂಚಿರೋ ಒಂದು ಮರೆಯನ್ನ ಹತ್ತಾರು ಸಾವಿರ ಕಿಲೋಮೀಟರ್ ಆಚೆ ನಿಲ್ಲಿಸ್ಬೇಕು. ಅದರ ಮೇಲೂ ಕೆಲಸ ನಡೆದಿದೆ...

— ತಡಿಯೇ, ಮಾತಾಡ್ಬೇಡ.

ಚಾಚಿದ ಕೈ ನಡುಗದಂತೆ ಮೊಣಕೈಯನ್ನು ತಾರಸಿಯ ಗೋಡೆಗೆ ಆನಿಸಿದ್ದರು. ಪೊರೆ ಕಟ್ಟಿದ ಬಲಗಣ್ಣು ಹೆಬ್ಬೆರಳಿನ ಅಂಚಿಗೇ ನೆಟ್ಟಿತ್ತು.

— ದೀಪದ ಪಕ್ಕ ಏನೋ ಹುಳ ಹಾರ್ತಾ ಇದೆ. ಒಂದಲ್ಲ, ಎರಡು.